ಅತಿಥಿಗಳ ಕೈಗೆ ಹಗ್ಗ, ಸೌಟು, ಗೊಂಬೆಕಡ್ಡಿ: ಬೆಂಗಳೂರಿನ ಒಂದು ವಿನಿಮಯ ದಿನದ ಪ್ರಕರಣ ಅಧ್ಯಯನ

ಬೆಂಗಳೂರು ದಕ್ಷಿಣ ಭಾಗದ ಶಾಲೆಯೊಂದಕ್ಕೆ ಕಳೆದ ಫೆಬ್ರುವರಿಯಲ್ಲಿ ಜರ್ಮನಿಯ ನೈರುತ್ಯ ಮೂಲೆಯ ಒಂದು ಶಾಲೆಯಿಂದ 12 ವಿದ್ಯಾರ್ಥಿಗಳು ಬಂದಿದ್ದರು. ಎಲ್ಲರೂ 15-16ರ ವಯಸ್ಸಿನವರು. ಇಲ್ಲಿನ 9ನೇ ತರಗತಿಯ 12 ಮಕ್ಕಳ ಮನೆಗಳಲ್ಲಿ ಅವರಿಗೆ ವಾಸ್ತವ್ಯ. ಮೇ ತಿಂಗಳಲ್ಲಿ ಇದೇ 12 ಮಂದಿ ಅಲ್ಲಿಗೆ ಹೋಗಿ ಅವರ ಮನೆಗಳಲ್ಲಿ ಉಳಿಯಬೇಕು. ಎರಡು ವಾರದ ಆ ಕಾರ್ಯಕ್ರಮದ ನಡುವಿನ ಒಂದು ಶನಿವಾರವನ್ನು ಹೊರಾಂಗಣ ಸಾಹಸಕ್ಕೂ ಕೈಕೆಲಸಕ್ಕೂ ಮೀಸಲಿಟ್ಟಿದ್ದರು. ಅದನ್ನು ರೂಪಿಸಿ ನಡೆಸಿಕೊಟ್ಟ ತಂಡದಲ್ಲಿ ನಾನಿದ್ದೆ. ಅಂದು ನಡೆದದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇಂಥ ಗುಂಪುಗಳನ್ನು ಕರೆಸಿಕೊಳ್ಳುವ ಶಾಲೆಗಳು ನಮ್ಮಲ್ಲಿ ಈಗ ಸಾಕಷ್ಟಿವೆ, ಆದರೆ ಒಂದು ದಿನವನ್ನು ಒಳಗಿಂದ ಬಿಡಿಸಿ ತೋರಿಸುವ ಬರಹ ಕನ್ನಡದಲ್ಲಿ ಕಡಿಮೆ.

ಶಾಲೆಯವರು ನಮ್ಮನ್ನು ಕರೆದಾಗ ಹೇಳಿದ ಸಮಸ್ಯೆ ಸ್ಪಷ್ಟವಾಗಿತ್ತು. ಮೊದಲ ನಾಲ್ಕು ದಿನ ಲಾಲ್‌ಬಾಗ್, ವಿಧಾನಸೌಧ, ಮೈಸೂರು ಅರಮನೆ, ಒಂದು ಮದುವೆ, ಎರಡು ಮನೆಗಳ ಔತಣ ಎಲ್ಲವೂ ಸೊಗಸಾಗಿ ಮುಗಿದಿದ್ದವು. ಯಾರೂ ಜಗಳವಾಡಿರಲಿಲ್ಲ, ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ಆದರೆ ಬಸ್ಸಿನಲ್ಲಿ ಜರ್ಮನ್ ಮಕ್ಕಳು ಹಿಂದಿನ ಸೀಟುಗಳಲ್ಲಿ, ನಮ್ಮವರು ಮುಂದೆ. ಊಟದ ಮೇಜಿನಲ್ಲೂ ಹಾಗೇ. ಮನೆಗೆ ಹೋದರೆ ಅತಿಥಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವುದು, ಅಮ್ಮ ಹೊರಗೆ ನಿಂತು ಕಾಫಿ ಬೇಕಾ, ಹಾಲು ಬೇಕಾ ಎಂದು ಕೇಳುವುದು. ಎರಡೂ ಕಡೆಯ ಶಿಕ್ಷಕರಿಗೆ ಇದು ಕಾಣುತ್ತಿತ್ತು. ಒಂದು ಸಾಹಸದ ದಿನ ಇದನ್ನು ಒಡೆಯಬಹುದು ಎಂಬುದು ಅವರ ಆಸೆ.

ಆ ನಾಲ್ಕು ದಿನಗಳ ವೇಳಾಪಟ್ಟಿ ತರಿಸಿಕೊಂಡು ನೋಡಿದಾಗ ನಮಗೆ ತೋಚಿದ್ದು ಬೇರೆ. ಒಂದೇ ಒಂದು ಗಂಟೆಯೂ ಅತಿಥಿಗಳ ಕೈಗೆ ಕೆಲಸವಿರಲಿಲ್ಲ. ಅವರ ಬ್ಯಾಗನ್ನು ನಮ್ಮ ಮಕ್ಕಳು ಹೊರುತ್ತಿದ್ದರು. ಕಿಟಕಿ ಪಕ್ಕದ ಜಾಗ ಅವರಿಗೆ, ಮೊದಲ ಸರದಿ ಅವರಿಗೆ, ತಟ್ಟೆಗೆ ಇನ್ನೊಂದು ಹೋಳಿಗೆ ಅವರಿಗೆ. ಇದು ನಮ್ಮ ಮನೆಗಳ ಒಳ್ಳೆಯತನ, ಅದರಲ್ಲಿ ಕೊಂಕು ಹುಡುಕುವುದಿಲ್ಲ. ಆದರೆ ಉಪಚಾರ ಒಂದೇ ಕಡೆಗೆ ಹರಿಯುತ್ತದೆ. ಎರಡು ವಾರವೂ ಪಡೆಯುತ್ತಲೇ ಇರುವ 15ರ ಹುಡುಗನಿಗೆ ಮುಜುಗರ ಶುರುವಾಗುತ್ತದೆ. ಕೊಡುತ್ತಲೇ ಇರುವವರಿಗೆ ದಣಿವು ಬರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಆಮೇಲೆ ಇಬ್ಬರೂ ತಮ್ಮ ತಮ್ಮವರ ಪಕ್ಕ ಹೋಗಿ ಕೂರುತ್ತಾರೆ. ಹಾಗಾಗಿ ದಿನವನ್ನು ಕಟ್ಟುವಾಗ ಒಂದೇ ಪ್ರಶ್ನೆಯನ್ನು ಎಲ್ಲದಕ್ಕೂ ಹಾಕಿದೆವು: ಈ ಗಂಟೆಯಲ್ಲಿ ಅತಿಥಿಯಿಲ್ಲದೆ ಆಗದ ಕೆಲಸ ಯಾವುದು, ಮನೆಯವರಿಲ್ಲದೆ ಆಗದ ಕೆಲಸ ಯಾವುದು?

ಜಾಗದ ಆಯ್ಕೆ

ಬೆಂಗಳೂರಿನ ಸುತ್ತ ಬಂಡೆಗೆ ಬರವಿಲ್ಲ. ಶಿಕ್ಷಕರು ಮೊದಲು ಕೇಳಿದ್ದು ರಾಮನಗರದ ರಾಮದೇವರ ಬೆಟ್ಟ. ಅದು ಬೇಡವೆಂದೆವು. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾದ ಬೆಟ್ಟವದು. ಉದ್ದಕೊಕ್ಕಿನ ರಣಹದ್ದು ಅಲ್ಲಿನ ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಮಾಡುತ್ತದೆ, ಫೆಬ್ರುವರಿ ಮರಿ ಬೆಳೆಯುವ ಕಾಲ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಕಳೇಬರದ ಮೂಲಕ ಈ ಹಕ್ಕಿಗಳ ಮೂತ್ರಪಿಂಡ ಕೆಡಿಸಿ ದೇಶಾದ್ಯಂತ ಸಂಖ್ಯೆಯನ್ನೇ ಕುಸಿಯುವಂತೆ ಮಾಡಿತು. 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆ ನಿಷೇಧವಾಯಿತು. ಉಳಿದಿರುವ ಕೆಲವೇ ಜೋಡಿಗಳ ಎದುರು 24 ಮಕ್ಕಳನ್ನು ಕೂಗಾಡಲು ಬಿಡುವುದು ಸರಿಯಲ್ಲ. ಸಾವನದುರ್ಗ ಇನ್ನೊಂದು ಆಸೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಒಂಟಿ ಬಂಡೆ, ನೋಟ ಅದ್ಭುತ. ಆದರೆ ನೆರಳಿಲ್ಲದ ಉದ್ದದ ಇಳಿಜಾರು, ಇಳಿಯುವಾಗ ದಣಿದ ಕಾಲು ಜಾರುತ್ತದೆ. ಅದೂ ಅಲ್ಲದೆ ಅಲ್ಲಿ ಎಲ್ಲರೂ ಸುಮ್ಮನೆ ಹತ್ತುತ್ತಾರೆ ಅಷ್ಟೆ, ಒಬ್ಬರಿಗೊಬ್ಬರು ಬೇಕಾಗುವುದಿಲ್ಲ. ತುರಹಳ್ಳಿ ಹತ್ತಿರ, ಬಂಡೆ ಹತ್ತುವವರಿಗೆ ಪರಿಚಿತ. ಆದರೆ ಅದು ಅರಣ್ಯ ಇಲಾಖೆಯ ಜಾಗ, ಅಷ್ಟು ದೊಡ್ಡ ಗುಂಪಿಗೆ ಕಾಡು ಚಿಕ್ಕದು.

ಕೊನೆಗೆ ಕನಕಪುರ ರಸ್ತೆಯಾಚೆ ಒಂದು ಖಾಸಗಿ ತೋಟಕ್ಕೆ ಹೊಂದಿಕೊಂಡ, ಸುಮಾರು 12 ಮೀಟರ್ ಎತ್ತರದ ಓರೆಬಂಡೆಯನ್ನು ಆರಿಸಿಕೊಂಡೆವು. ಪೂರ್ವಕ್ಕೆ ಮರಗಳಿದ್ದು ಹತ್ತೂವರೆಯವರೆಗೆ ನೆರಳು. ಪಕ್ಕದಲ್ಲಿ ಶೀಟಿನ ದೊಡ್ಡ ಚಪ್ಪರ, ನೀರು, ಶೌಚಾಲಯ. ವಾಹನ ಬಂಡೆಯ ಬುಡದವರೆಗೂ ಬರುತ್ತದೆ. ಹತ್ತಿರದ ಆಸ್ಪತ್ರೆಯ ದಾರಿಯನ್ನು ಮೊದಲೇ ಅದೇ ಹೊತ್ತಿನಲ್ಲಿ ಓಡಿಸಿ ನೋಡಿದ್ದೆವು. ನಕ್ಷೆ ಹೇಳುವ ನಿಮಿಷಗಳು ಬೆಂಗಳೂರಿನ ಅಂಚಿನ ರಸ್ತೆಗಳಿಗೆ ಅನ್ವಯಿಸುವುದಿಲ್ಲ.

ಪೋಷಕರ ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಅರ್ಧ ಪರೀಕ್ಷೆ ಹತ್ತಿರ ಬಂತು ಎಂಬುದೇ. ಉಳಿದರ್ಧ ಅತಿಥಿಗೆ ಏನಾದರೂ ಆದರೆ ಎಂಬ ಭಯ. ತಮ್ಮದೇ ಮಕ್ಕಳ ಬಗ್ಗೆ ಕೇಳಿದವರು ಕಡಿಮೆ. ಉಪಚಾರದ ಸ್ವಭಾವ ಅಲ್ಲೂ ಇತ್ತು.

ಹೊರಡುವ ಮುನ್ನ

ಎರಡು ಅಪಾಯಗಳ ಬಗ್ಗೆ ನಾವು ಹೆಚ್ಚು ತಲೆಕೆಡಿಸಿಕೊಂಡಿದ್ದೆವು, ಎರಡೂ ಹಗ್ಗಕ್ಕೆ ಸಂಬಂಧಿಸಿದ್ದಲ್ಲ. ಮೊದಲನೆಯದು ಹೆಜ್ಜೇನು. ಬಂಡೆಯ ಚಾಚಿನಲ್ಲಿ, ಎತ್ತರದ ಮರದಲ್ಲಿ, ನಗರದ ನೀರಿನ ಟ್ಯಾಂಕಿನ ಕೆಳಗೆ ಅದು ಬಯಲಲ್ಲೇ ಒಂದೇ ದೊಡ್ಡ ಹುಟ್ಟಿ ಕಟ್ಟುತ್ತದೆ. ಹೊಗೆ, ಕಲ್ಲೇಟು, ಕಡುವಾಸನೆ ಅದನ್ನು ಕೆರಳಿಸುತ್ತವೆ. ಹಿಂದಿನ ದಿನ ಸಂಜೆಯೂ ಅಂದು ಬೆಳಗ್ಗೆಯೂ ಇಬ್ಬರು ಬೋಧಕರು ದುರ್ಬೀನು ಹಿಡಿದು ಬಂಡೆಯ ಎಲ್ಲ ಮುಖಗಳನ್ನೂ ನೋಡಿದರು. ಪಶ್ಚಿಮದ ಬದಿಯ ಅರಳಿಮರದಲ್ಲಿ ಒಂದು ಹುಟ್ಟಿಯಿತ್ತು. ಆ ಕಡೆಗೆ ಹಗ್ಗ ಕಟ್ಟಿ ಗಡಿ ಹಾಕಿದೆವು. ಡಿಯೋಡರೆಂಟ್, ಸುಗಂಧ, ವಾಸನೆಯ ಸನ್‌ಸ್ಕ್ರೀನ್ ಯಾವುದೂ ಬೇಡ ಎಂದು ಮೊದಲೇ ತಿಳಿಸಿದ್ದೆವು, ವಾಸನೆಯಿಲ್ಲದ ಸನ್‌ಸ್ಕ್ರೀನನ್ನು ನಾವೇ ಒಯ್ದೆವು. ಹುಳು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಚಪ್ಪರದ ಹಿಂದಿನ ಕೋಣೆಗೆ ಓಡಿ ಬಾಗಿಲು ಹಾಕಬೇಕು. ಇದನ್ನು ಮಾತಿನಲ್ಲಿ ಹೇಳಿ ಬಿಡಲಿಲ್ಲ, ಮಕ್ಕಳನ್ನು ಒಮ್ಮೆ ಓಡಿಸಿಯೇ ತೋರಿಸಿದೆವು.

ಎರಡನೆಯದು ಕಡಲೆಕಾಯಿ. ಅತಿಥಿಗಳಲ್ಲಿ ಒಬ್ಬ ಹುಡುಗನಿಗೆ ಅದರ ತೀವ್ರ ಅಲರ್ಜಿ. ನಮ್ಮ ಅಡುಗೆಯಲ್ಲಿ ಕಡಲೆಕಾಯಿ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದನ್ನು ನಮ್ಮವರೇ ಗಮನಿಸಿರುವುದಿಲ್ಲ. ಚಿತ್ರಾನ್ನದಲ್ಲಿ ಕಣ್ಣಿಗೆ ಕಾಣುತ್ತದೆ. ಚಟ್ನಿಯಲ್ಲಿ ಅರೆದುಹೋಗಿರುತ್ತದೆ. ಬಿಸಿಬೇಳೆಬಾತಿನ ಒಗ್ಗರಣೆಯಲ್ಲಿರುತ್ತದೆ. ಕರಿದ ಎಣ್ಣೆಯೇ ಕಡಲೆಕಾಯಿಯದಾಗಿರಬಹುದು. ಅಡುಗೆಯವರೊಂದಿಗೆ ಪಾತ್ರೆ, ಸೌಟು, ಎಣ್ಣೆ ಎಲ್ಲವನ್ನೂ ಒಂದೊಂದಾಗಿ ಮಾತಾಡಿ ಇಡೀ ಗುಂಪಿನ ಊಟದಿಂದಲೇ ಅದನ್ನು ತೆಗೆಸಿದೆವು. ಅವನೊಬ್ಬನಿಗೆ ಬೇರೆ ತಟ್ಟೆ ಕೊಡುವ ವ್ಯವಸ್ಥೆ ಸುಲಭ, ಆದರೆ ಅದು ಅವನನ್ನು ಮತ್ತೆ ದೂರ ಕೂರಿಸುತ್ತದೆ. ಅಲರ್ಜಿ ಕೆರಳಿದರೆ ತಕ್ಷಣ ಚುಚ್ಚಬೇಕಾದ ಅವನ ಅಡ್ರಿನಲಿನ್ ಇಂಜೆಕ್ಟರ್ ಬ್ಯಾಗಿನಲ್ಲಿರಬಾರದು, ಸೊಂಟದ ಚೀಲದಲ್ಲಿರಬೇಕು ಎಂದು ಗೊತ್ತುಮಾಡಿದೆವು. ಅದನ್ನು ಬಳಸುವುದು ಹೇಗೆಂದು ಅವನೇ ನಮ್ಮ ಮಕ್ಕಳಿಗೆ ತೋರಿಸಿದ. ಅವನು ಉಳಿದಿದ್ದ ಮನೆಯ ಹುಡುಗ ಅಷ್ಟೂ ದಿನ ಅವನ ತಟ್ಟೆಯ ಮೇಲೆ ಕಣ್ಣಿಟ್ಟು ಹೆದರುತ್ತಿದ್ದನಂತೆ. ಮಾಡಬೇಕಾದ್ದೇನೆಂದು ಗೊತ್ತಾದ ಮೇಲೆ ಅವನ ಹೆದರಿಕೆ ಇಳಿಯಿತು.

ಫೋನ್ ಬಗ್ಗೆ ಒಂದು ಮಾತು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ನಿಯಮದಿಂದಾಗಿ ಜರ್ಮನ್ ಶಾಲೆಗಳು ಮಕ್ಕಳ ಫೋಟೊ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18ರ ಒಳಗಿನವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಆದ್ದರಿಂದ ಒಬ್ಬ ಶಿಕ್ಷಕಿಯ ಕೈಯಲ್ಲಿ ಒಂದೇ ಕ್ಯಾಮೆರಾ, ಉಳಿದ ಫೋನುಗಳೆಲ್ಲ ಚೀಲದಲ್ಲಿ. ಕಾನೂನಿಗಾಗಿ ಮಾಡಿದ್ದು ಬೇರೆಯದಕ್ಕೂ ಒದಗಿಬಂತು. ಹಿಂದಿನ ದಿನಗಳಲ್ಲಿ ಅತಿಥಿ ಏನಾದರೂ ಮಾಡುವಾಗ ನಮ್ಮ ಮಕ್ಕಳು ಪಕ್ಕದಲ್ಲಿ ನಿಂತು ವಿಡಿಯೊ ಮಾಡುತ್ತಿದ್ದರು. ಅಂದು ಎಲ್ಲರ ಕೈಗಳೂ ಖಾಲಿಯಿದ್ದವು.

ಬಂಡೆ

ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ರೇಷ್ಮೆ ಸಂಸ್ಥೆ ನಿಲ್ದಾಣ, ಅಲ್ಲಿಂದ ಮಿನಿಬಸ್. ಟಿಕೆಟ್ ಕೊಳ್ಳುವ ಕೆಲಸ ಜರ್ಮನ್ ಮಕ್ಕಳದ್ದು, ಕನ್ನಡದಲ್ಲೇ ಕೇಳಬೇಕು. ಇದು ಸಣ್ಣ ವಿಷಯ, ಆದರೆ ಐದು ದಿನಗಳಲ್ಲಿ ಅವರು ಈ ಊರಿನಲ್ಲಿ ಸ್ವತಃ ಮಾಡಿದ ಮೊದಲ ವ್ಯವಹಾರ ಅದು. ಎಂಟೂವರೆಗೆ ಹಗ್ಗಗಳು ಸಿದ್ಧವಾಗಿದ್ದವು.

ವ್ಯವಸ್ಥೆ ಹೀಗಿತ್ತು. ಮೂರು ಹಗ್ಗ, ಒಂದೊಂದಕ್ಕೆ ಎಂಟು ಮಂದಿ, ನಾಲ್ವರು ಅಲ್ಲಿಯವರು, ನಾಲ್ವರು ಇಲ್ಲಿಯವರು. ಹಗ್ಗ ಮೇಲಿನ ಎರಡು ಸ್ವತಂತ್ರ ಆಧಾರಗಳ ಮೂಲಕ ಹಾದು ಕೆಳಗಿಳಿಯುತ್ತದೆ. ಹತ್ತುವವರು ಒಂದು ತುದಿಗೆ ಎಂಟರಾಕಾರದ ಗಂಟಿನಿಂದ ಕಟ್ಟಿಕೊಳ್ಳುತ್ತಾರೆ. ಇನ್ನೊಂದು ತುದಿಯನ್ನು ನೆಲದ ಮೇಲಿರುವವರು ಬಿಲೇ ಸಾಧನದ ಮೂಲಕ ಎಳೆದುಕೊಳ್ಳುತ್ತ ಹೋಗುತ್ತಾರೆ. ಹತ್ತುವವರು ಜಾರಿದರೆ ಅಲ್ಲೇ ತಡೆದು ನಿಲ್ಲಿಸುವುದು ಇವರ ಕೆಲಸ, ಇದಕ್ಕೇ ಬಿಲೇ ಎನ್ನುವುದು. ಅವರ ಹಿಂದೆ ಮೂರನೆಯವರು ಹಗ್ಗದ ಬಾಲ ಹಿಡಿದಿರುತ್ತಾರೆ, ಪಕ್ಕದಲ್ಲಿ ಬೋಧಕರು. ನಮ್ಮ ನಿಯಮ ಒಂದೇ: ಹತ್ತುವವರೂ ಬಿಲೇ ಹಿಡಿಯುವವರೂ ಒಂದೇ ದೇಶದವರಾಗಿರಬಾರದು.

ಅತಿಥಿಗಳಲ್ಲಿ ಏಳು ಮಂದಿಗೆ ಬಿಲೇ ಮೊದಲೇ ಗೊತ್ತಿತ್ತು. ಅವರ ಊರುಗಳಲ್ಲಿ ಹತ್ತುವ ಗೋಡೆಗಳಿರುವ ಒಳಾಂಗಣಗಳು ಸಾಮಾನ್ಯ, ಮ್ಯೂನಿಕ್‌ನಲ್ಲಿ 1869ರಲ್ಲಿ ಹುಟ್ಟಿದ ಅವರ ಪರ್ವತಾರೋಹಣ ಸಂಘ ಇಂಥ ಎಷ್ಟೋ ಗೋಡೆಗಳನ್ನು ನಡೆಸುತ್ತದೆ. ಹತ್ತುವ ಮುನ್ನ ಇಬ್ಬರೂ ಪರಸ್ಪರರ ಬಕಲ್, ಗಂಟು, ಕ್ಯಾರಾಬಿನರ್ ಎಂಬ ಲೋಹದ ಕೊಂಡಿ, ಬಿಲೇ ಸಾಧನವನ್ನು ಮುಟ್ಟಿ ಪರೀಕ್ಷಿಸುವ ಪದ್ಧತಿಯನ್ನು ಅಲ್ಲಿ ಚಿಕ್ಕಂದಿನಿಂದ ಕಲಿಸುತ್ತಾರೆ. ಅದನ್ನು ನಮ್ಮ ಮಕ್ಕಳಿಗೆ ಕಲಿಸುವ ಹೊಣೆ ಆ ಏಳು ಮಂದಿಗೇ ಕೊಟ್ಟೆವು. ಬೋಧಕರು ಪಕ್ಕದಲ್ಲಿ ನಿಂತು ನೋಡಿ, ತಪ್ಪಿದ್ದರೆ ಮಾತ್ರ ಬಾಯಿ ಹಾಕಿದರು.

ಅದುವರೆಗೆ ತುಟಿ ಬಿಚ್ಚದ ಎತ್ತರದ ಹುಡುಗನೊಬ್ಬ ಅಂದು ಬೆಳಗ್ಗೆ ಇಪ್ಪತ್ತು ನಿಮಿಷ ಒಂದೇ ಸಮನೆ ಮಾತಾಡಿದ. ಜಯನಗರದಿಂದ ಬಂದಿದ್ದ ಹುಡುಗಿಯ ಗಂಟನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ, ಇನ್ನೊಮ್ಮೆ ಬಿಚ್ಚಿಸಿದ. ಅವಳಿಗೆ ರೇಗಿತು. ಐದು ದಿನದಲ್ಲಿ ಆ ಗುಂಪಿನಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಬಹಿರಂಗವಾಗಿ ರೇಗಿದ್ದು ಅದೇ ಮೊದಲು. ನನಗೆ ಅದನ್ನು ಕಂಡು ಸಮಾಧಾನವಾಯಿತು. ಅತಿಥಿಯ ಮೇಲೆ ಯಾರೂ ರೇಗುವುದಿಲ್ಲ, ಜೊತೆಗಾರನ ಮೇಲೆ ರೇಗುತ್ತಾರೆ.

ನಾವು ಊಹಿಸದೇ ಇದ್ದದ್ದು ಆಮೇಲೆ ನಡೆಯಿತು. ಹಗ್ಗದ ವಿದ್ಯೆಯಲ್ಲಿ ಪಳಗಿದ ಅದೇ ಹುಡುಗ ಬಂಡೆಯ ಮೇಲೆ ಮೂರನೇ ಮೀಟರಿನಲ್ಲಿ ಸಿಕ್ಕಿಕೊಂಡ. ಒಳಾಂಗಣದ ಗೋಡೆಯಲ್ಲಿ ಬಣ್ಣಬಣ್ಣದ ಹಿಡಿಗಳಿರುತ್ತವೆ, ಕೈ ಹಿಡಿದು ಮೈ ಎಳೆದುಕೊಳ್ಳಬಹುದು. ನಮ್ಮ ಓರೆಬಂಡೆಯಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಹಿಮ್ಮಡಿ ಇಳಿಸಿ, ಮೈಯನ್ನು ಬಂಡೆಯಿಂದ ದೂರವಿಟ್ಟು, ಪೂರ್ತಿ ಭಾರವನ್ನು ಪಾದದ ಮೇಲೆ ಹಾಕಿದರೆ ಮಾತ್ರ ಘರ್ಷಣೆ ಹಿಡಿದು ನಿಲ್ಲಿಸುತ್ತದೆ. ಹೆದರಿ ಬಂಡೆಗೆ ಅಂಟಿಕೊಂಡರೆ ಭಾರ ಪಾದ ಬಿಟ್ಟುಹೋಗಿ ಕಾಲು ಜಾರುತ್ತದೆ. ಅವನು ಅಂಟಿಕೊಂಡ, ಜಾರಿದ, ಮತ್ತೆ ಅಂಟಿಕೊಂಡ.

ಅವನ ಬಿಲೇ ಹಿಡಿದಿದ್ದವಳು ಆ ಜಯನಗರದ ಹುಡುಗಿಯೇ. ವರ್ಷ ವರ್ಷ ಅಜ್ಜಿಯ ಜೊತೆ ಬರಿಗಾಲಲ್ಲಿ ಶಿವಗಂಗೆ ಹತ್ತಿದವಳು. ಹಗ್ಗ ಅವಳಿಗೆ ಹೊಸದು, ಬಂಡೆ ಹೊಸದಲ್ಲ. ಕೆಳಗಿಂದ ಕೂಗಿ ಹೇಳತೊಡಗಿದಳು: ಹೊಟ್ಟೆ ಹೊರಗೆ, ಹಿಮ್ಮಡಿ ಕೆಳಗೆ, ಕೈ ಬಿಡು. ಇಂಗ್ಲಿಷು ಸಾಲದಿದ್ದಾಗ ತಾನೇ ಪಕ್ಕದ ಇಳಿಜಾರಿನಲ್ಲಿ ನಿಂತು ತೋರಿಸಬೇಕೆಂದಳು. ಬೋಧಕರು ಬಿಲೇ ತಾವು ತೆಗೆದುಕೊಂಡು ಅವಳನ್ನು ಬಿಟ್ಟರು. ಹತ್ತು ನಿಮಿಷದಲ್ಲಿ ಅವನು ಮೇಲಿದ್ದ. ಆಮೇಲೆ ಮೂರೂ ಹಗ್ಗಗಳಲ್ಲಿ ಇದೇ ಮಾತು: ಅವರು ಗಂಟು ಪರೀಕ್ಷಿಸುವುದು, ಇವರು ಪಾದ ತಿದ್ದುವುದು.

ಹತ್ತಿದವರು ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುವಾಗ ಕಲ್ಲಿನ ಮಾತು ಬಂತು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂಬ ಫಲಕವನ್ನು ಅವರು ಮೊದಲ ದಿನ ಓದಿದ್ದರು. ಅವರ ಊರಿನ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲೂ ಗ್ರಾನೈಟ್ ಮತ್ತು ನೈಸ್ ಕಲ್ಲುಗಳಿವೆ, ಆದರೆ ಅಲ್ಲಿನ ಗ್ರಾನೈಟಿನ ವಯಸ್ಸು ಇದರ ಹತ್ತನೇ ಒಂದು ಪಾಲಿನ ಆಸುಪಾಸು. ಒಬ್ಬ ಹುಡುಗಿ ತನ್ನ ಊರ ಬೆಟ್ಟವನ್ನು ತೀರಾ ಮುದಿಯೆಂದು ಅಂದುಕೊಂಡಿದ್ದಳಂತೆ, ಅಂದಿನಿಂದ ಅದು ಅವಳಿಗೆ ಎಳೆಯದಾಯಿತು.

ಹತ್ತಿಳಿಯುವ ದಿನದಲ್ಲಿ ನಾನು ಅತ್ಯಂತ ಗಂಭೀರವಾಗಿ ನೋಡುವುದು ಒಲ್ಲೆ ಎನ್ನುವವರನ್ನು. ನಮ್ಮ ಹುಡುಗನೊಬ್ಬ ಮೇಲೇರಿ, ಇಳಿಯಲು ಹಗ್ಗದ ಮೇಲೆ ಭಾರ ಬಿಟ್ಟು ಹಿಂದಕ್ಕೆ ವಾಲಬೇಕಾದ ಜಾಗದಲ್ಲಿ ನಿಂತುಬಿಟ್ಟ. ಮುಖ ಬಿಳಿಚಿತ್ತು. ಕೆಳಗಿನಿಂದ ನಮ್ಮ ಕಡೆಯ ಹಿರಿಯರೊಬ್ಬರು, ಅವರೆಲ್ಲ ಮಾಡಿದರು, ನೀನೂ ಮಾಡು ಎಂದು ಹುರಿದುಂಬಿಸತೊಡಗಿದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮಾತಿನಲ್ಲಿ ದೇಶದ ಮರ್ಯಾದೆ ಒಬ್ಬ ಹುಡುಗನ ತೊಡೆಯ ನಡುಕದ ಮೇಲೆ ನಿಲ್ಲುತ್ತದೆ. ಬೆಳಗ್ಗೆಯೇ ಎಲ್ಲರಿಗೂ ಹೇಳಿದ್ದೆವು, ಯಾರೂ ಯಾವ ಕ್ಷಣದಲ್ಲೂ ಬೇಡ ಎನ್ನಬಹುದು, ಕಾರಣ ಕೊಡಬೇಕಿಲ್ಲ. ಕೂಗುವುದನ್ನು ನಿಲ್ಲಿಸಲು ಕೇಳಿಕೊಂಡೆವು. ಮೇಲಿದ್ದ ಬೋಧಕ ಅವನನ್ನು ಹಿಂದಿನ ಕಾಲುದಾರಿಯಿಂದ ನಡೆಸಿಕೊಂಡು ಬಂದರು. ಇಳಿದು ಬಂದವನು ಸೀದಾ ಹೋಗಿ ಹಗ್ಗದ ಬಾಲ ಹಿಡಿದುಕೊಂಡ, ಬೆಳಗಿನ ಅಧಿವೇಶನ ಮುಗಿಯುವವರೆಗೂ ಬಿಡಲಿಲ್ಲ. ಅವನಿಗೆ ಮಾಡಲು ಇನ್ನೊಂದು ನಿಜವಾದ ಕೆಲಸವಿತ್ತು ಎಂಬುದೇ ಮುಖ್ಯ. ಹತ್ತುವುದೊಂದೇ ಕೆಲಸವಾಗಿದ್ದಿದ್ದರೆ ಅವನು ಉಳಿದ ದಿನವೆಲ್ಲ ಸೋತವನಾಗಿ ಕೂರುತ್ತಿದ್ದ.

ಸಾಹಸದ ಮೂಲಕ ಕಲಿಕೆ ಎಂಬ ಶಾಲಾ ಪದ್ಧತಿಗೆ ದೊಡ್ಡ ಬುನಾದಿ ಹಾಕಿದವರಲ್ಲಿ ಒಬ್ಬ ಜರ್ಮನಿಯವನೇ, ಕುರ್ಟ್ ಹಾನ್. 1920ರಲ್ಲಿ ಸಾಲೆಮ್ ಶಾಲೆ ಕಟ್ಟಿದ, 1933ರಲ್ಲಿ ಹಿಟ್ಲರನ ಆಡಳಿತ ಬಂಧಿಸಿತು, ಬ್ರಿಟನ್ನಿಗೆ ಹೋಗಿ 1941ರಲ್ಲಿ ವೇಲ್ಸ್‌ನ ಕಡಲತಡಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಆರಂಭವಾಗಲು ಕಾರಣನಾದ. ಅವನ ಹೆಸರು ಬಂದದ್ದು ಜರ್ಮನ್ ಶಿಕ್ಷಕಿಯ ಬಾಯಲ್ಲಿ. ಸಾಲೆಮ್ ಅವರ ರಾಜ್ಯದಲ್ಲೇ ಇದೆ. ಅವನ ಶಾಲೆಗಳಲ್ಲಿ ಸಾಹಸದ ಪಕ್ಕದಲ್ಲೇ ರಕ್ಷಣಾ ಸೇವೆಯೂ ಇರುತ್ತಿತ್ತು. ಹಗ್ಗದ ಬಾಲ ಹಿಡಿದು ನಿಂತಿದ್ದ ನಮ್ಮ ಹುಡುಗನನ್ನು ನೋಡುತ್ತಲೇ ಆಕೆ ಅದನ್ನು ಹೇಳಿದರು.

ಪಂಕ್ತಿ

ಹನ್ನೊಂದರ ಹೊತ್ತಿಗೆ ಬಂಡೆ ಕಾಯತೊಡಗಿತು, ಹಗ್ಗ ಬಿಚ್ಚಿದೆವು. ಮಜ್ಜಿಗೆ, ಓಆರ್‌ಎಸ್, ವಿಶ್ರಾಂತಿ. ಹನ್ನೆರಡೂವರೆಗೆ ಊಟ.

ಊಟವನ್ನು ಬಫೆ ಮಾಡದೆ ನೆಲದ ಮೇಲೆ ಎಲೆ ಹಾಕಿ ಪಂಕ್ತಿ ಮಾಡಿದೆವು. ನಮ್ಮವರು ಕೂತರು, ಜರ್ಮನ್ ಮಕ್ಕಳು ಬಡಿಸಿದರು. ದಿನದ ಯೋಜನೆಯಲ್ಲಿ ಅತಿ ಹೆಚ್ಚು ವಿರೋಧ ಬಂದದ್ದು ಇದಕ್ಕೆ. ಬಂಡೆಯ ಬಗ್ಗೆ ಒಪ್ಪಿದ್ದ ಪೋಷಕರೊಬ್ಬರು ಅತಿಥಿಗಳ ಕೈಯಲ್ಲಿ ಬಡಿಸಿಕೊಂಡು ತಿನ್ನುವುದು ತಮ್ಮ ಮನಸ್ಸಿಗೆ ಒಗ್ಗದು ಎಂದಿದ್ದರು. ಆ ಸಂಕಟ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯಲ್ಲಿಯೂ ಅದು ಆಗದ ಮಾತು. ಎರಡನೇ ಪಂಕ್ತಿಯಲ್ಲಿ ನಮ್ಮ ಮಕ್ಕಳು ಅವರಿಗೆ ಬಡಿಸುತ್ತಾರೆ ಎಂದ ಮೇಲೆ ಒಪ್ಪಿದರು.

ಬಡಿಸುವುದು ಸುಲಭದ ವಿದ್ಯೆಯಲ್ಲ ಎಂಬುದು ನಮಗೆ ಮರೆತೇಹೋಗಿದೆ. ಎಲೆಯ ಮೇಲೆ ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಲ್ಯ ಎಲ್ಲಿ. ಅನ್ನದ ಮಧ್ಯೆ ಗುಂಡಿ ಮಾಡಿದವರಿಗೆ ಸಾರು ಹೇಗೆ ಸುರಿಯಬೇಕು. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವರನ್ನು ಎಷ್ಟು ಒತ್ತಾಯಿಸಬೇಕು. ಕೂತವರು ಹೇಳಿಕೊಡುತ್ತ ಹೋದರು. ಸೌಟು ಹಿಡಿದು ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡ ಅತಿಥಿಗಳಿಗೆ, ಮನೆಯಲ್ಲಿ ತಮ್ಮ ಸುತ್ತ ಅಷ್ಟು ದಿನ ಯಾರು ಎಷ್ಟು ಬಗ್ಗಿದ್ದರು ಎಂಬುದು ಹೊಳೆಯಿತೆಂದು ಕಾಣುತ್ತದೆ. ಅಂದು ರಾತ್ರಿ ಕನಿಷ್ಠ ಮೂರು ಮನೆಗಳಲ್ಲಿ ಅತಿಥಿಗಳು ತಾವಾಗಿ ಅಡುಗೆಮನೆಗೆ ಬಂದು ನಿಂತರೆಂದು ಪೋಷಕರು ತಿಳಿಸಿದರು.

ಗೊಂಬೆ

ಮಧ್ಯಾಹ್ನದ ಸೃಜನಶೀಲ ಚಟುವಟಿಕೆಗೆ ಶಾಲೆಯ ಮೂಲ ಸಲಹೆ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಚ್ಚುವುದು. ಬೊಂಬೆಗಳು ಚೆಂದ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಬೊಂಬೆಯ ಮೇಲೆ ತಲೆ ಬಗ್ಗಿಸಿ ಕೂತರೆ ಬೆಳಗ್ಗೆ ಹೆಣೆದದ್ದು ಬಿಚ್ಚಿಹೋಗುತ್ತದೆ. ಬಹಳಷ್ಟು ಕಾರ್ಯಕ್ರಮಗಳಲ್ಲಿ ಕಲೆಯ ಗಂಟೆ ನೆನಪಿನ ಕಾಣಿಕೆ ತಯಾರಿಸುವ ಗಂಟೆಯಾಗಿ ಮುಗಿಯುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ಒಬ್ಬರಿಂದ ಆಗದ ಕಲೆ ನಮಗೆ ಬೇಕಿತ್ತು. ತೊಗಲು ಗೊಂಬೆಯಾಟ ಅಂಥದ್ದು: ಗೊಂಬೆ ಹಿಡಿಯುವವರು, ಮಾತಾಡುವವರು, ಹಾಡುವವರು, ದೀಪ ನೋಡಿಕೊಳ್ಳುವವರು, ತಾಳ ಹಾಕುವವರು ಎಲ್ಲರೂ ಒಂದೇ ಪರದೆಯ ಹಿಂದೆ ಒತ್ತೊತ್ತಾಗಿ ಕೂರಬೇಕು.

ಮಂಡ್ಯದ ಕಡೆಯ ಹಿರಿಯ ಕಲಾವಿದರೊಬ್ಬರು ಬಂದಿದ್ದರು. ಆಡಿನ ಚರ್ಮವನ್ನು ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ಆಭರಣದ ಜಾಗದಲ್ಲಿ ಸಣ್ಣ ರಂಧ್ರ ಕೊರೆದು ಮಾಡಿದ ಹಳೆಯ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದರು. ಈ ಕಲೆಯನ್ನು ತಲೆಮಾರುಗಳಿಂದ ಹಿಡಿದು ನಡೆಸಿದವರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಸಮುದಾಯದವರು, ಊರೂರು ಅಲೆದವರು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಸುದ್ದಿ ನಮ್ಮ ಮಕ್ಕಳಲ್ಲಿ ಒಬ್ಬಳಿಗಷ್ಟೇ ಗೊತ್ತಿತ್ತು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ಶಾಲೆಯ ಪ್ರವಾಸದಲ್ಲಿ ನೋಡಿದವರು ಹಲವರಿದ್ದರು, ಗೊಂಬೆಯನ್ನು ಕೈಯಲ್ಲಿ ಹಿಡಿದವರು ಯಾರೂ ಇರಲಿಲ್ಲ. ಇಲ್ಲಿ ನಮ್ಮವರೂ ಅತಿಥಿಗಳಷ್ಟೇ ಹೊಸಬರು. ಕಲಾವಿದರು ಕನ್ನಡ ಬಿಟ್ಟು ಬೇರೇನೂ ಆಡದ ಕಾರಣ ಪ್ರತಿ ಮಾತನ್ನೂ ನಮ್ಮ ಮಕ್ಕಳು ದಾಟಿಸಬೇಕಾಯಿತು. ಚರ್ಮ ಹದಮಾಡುವ ವಿವರಗಳಲ್ಲಿ ಅವರ ಕನ್ನಡಕ್ಕೇ ಕಷ್ಟವಾಯಿತು, ಮತ್ತೆ ಮತ್ತೆ ಕೇಳಿದರು.

ಅಷ್ಟು ಹೊತ್ತಿನಲ್ಲಿ ಚರ್ಮದ ಗೊಂಬೆ ಮಾಡಲಾಗದು. ಕಪ್ಪು ಚಾರ್ಟು, ಬಣ್ಣದ ಜಿಲೆಟಿನ್ ಹಾಳೆ, ಬಿದಿರಿನ ಕಡ್ಡಿ, ದಪ್ಪ ದಾರ, ಪರದೆಗೆ ಬಿಳಿ ಪಂಚೆ, ದೀಪಕ್ಕೆ ಒಂದು ಎಲ್‌ಇಡಿ ಟಾರ್ಚು ಸಾಕಾದವು. ಆರಾರು ಮಂದಿಯ ನಾಲ್ಕು ಗುಂಪು, ಒಂದೊಂದರಲ್ಲಿ ಮೂರು ಮೂರು ಮಂದಿ ಎರಡೂ ಕಡೆಯವರು. ಪ್ರತಿ ಗೊಂಬೆಗೂ ಕನಿಷ್ಠ ಎರಡು ಕೀಲುಗಳಿರಬೇಕು, ಆಡಿಸಲು ಎರಡು ಜೋಡಿ ಕೈ ಬೇಕಾಗಬೇಕು. ಕಥೆ ಅಂದಿನ ದಿನದ್ದೇ ಆಗಿರಬೇಕು. ಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಜೋಡಿ ಬಂದು ದೊಡ್ಡವರ ಕಥೆಯನ್ನು ಜನರ ಮಾತಿಗೆ ಇಳಿಸುತ್ತದೆ. ಆ ಜೋಡಿಯನ್ನು ಉಳಿಸಿಕೊಂಡು ಒಬ್ಬರು ಕನ್ನಡದಲ್ಲಿ, ಒಬ್ಬರು ಜರ್ಮನ್‌ನಲ್ಲಿ ಮಾತಾಡಬೇಕು, ಇಂಗ್ಲಿಷ್ ಪರದೆಯ ಮೇಲೆ ಬರಕೂಡದು ಎಂದೆವು. ಮನೆಯಲ್ಲಿ ಉರ್ದು ಆಡುವ, ತೆಲುಗು ಆಡುವ ಮಕ್ಕಳಿದ್ದರು, ಅವೂ ಒಳಬಂದವು.

ಮೊದಲ ಮುಕ್ಕಾಲು ಗಂಟೆ ಏನೂ ಚೆನ್ನಾಗಿ ಸಾಗಲಿಲ್ಲ. ಊಟದ ಜೋಂಪು, ಸೆಕೆ, ಯಾರ ಕಥೆ ಎಂಬ ಎಳೆದಾಟ. ಒಂದು ಗುಂಪಿನಲ್ಲಿ ನಮ್ಮ ಹುಡುಗರೇ ಎಲ್ಲ ನಿರ್ಧಾರ ಮಾಡಿ ಅತಿಥಿಗಳಿಗೆ ಕತ್ತರಿಸುವುದಷ್ಟೇ ಬಿಟ್ಟರು. ಇನ್ನೊಂದರಲ್ಲಿ ಜರ್ಮನ್ ಹುಡುಗಿಯೊಬ್ಬಳು ನಕ್ಷೆ ಬರೆದು ಎಲ್ಲರಿಗೂ ಕೆಲಸ ಹಂಚಿದಳು, ನಮ್ಮವರು ತೆಪ್ಪಗೆ ಮಾಡಿದರು. ಬೋಧಕರು ಮಧ್ಯೆ ಹೋಗಬೇಕೆಂದಿದ್ದರು, ತಡೆದೆವು. ಪರದೆ ಕಟ್ಟಿ ದೀಪ ಹಚ್ಚಿದಾಗ ತಿದ್ದುಪಡಿ ತಾನಾಗಿ ಆಯಿತು. ಗೊಂಬೆ ಪಂಚೆಗೆ ಒತ್ತಿ ಹಿಡಿದರೆ ನೆರಳು ಚೂಪು, ದೂರ ಸರಿದರೆ ಮಸುಕು. ಅದನ್ನು ಹಿಂದೆ ಕೂತವರಿಗೆ ನೋಡಲಾಗದು, ಮುಂದಿರುವವರು ಹೇಳಬೇಕು. ಒಬ್ಬರ ಮೊಣಕೈ ಇನ್ನೊಬ್ಬರ ದೀಪಕ್ಕೆ ಅಡ್ಡ. ಯಾರು ಯಜಮಾನರೆಂಬ ಪ್ರಶ್ನೆಗೆ ಆ ಇಕ್ಕಟ್ಟಿನಲ್ಲಿ ಜಾಗವಿರಲಿಲ್ಲ.

ನಾಲ್ಕು ಆಟಗಳಲ್ಲಿ ಮೂರರಲ್ಲಿ ಹೆಜ್ಜೇನೇ ಕಥಾನಾಯಕಿ. ಬೆಳಗ್ಗೆ ಒಂದೂ ಹುಳು ಎದ್ದಿರಲಿಲ್ಲ. ಓಡುವ ಅಭ್ಯಾಸ ಮಾತ್ರ ಎಲ್ಲರ ತಲೆಯಲ್ಲಿ ಕೂತಿತ್ತು. ಒಂದರಲ್ಲಿ ಹೆಜ್ಜೇನುಗಳು ಜರ್ಮನ್ ಮಾತಾಡಿ, ಸುಗಂಧ ಹಚ್ಚಿಕೊಂಡು ಬಂದ ಬೆಂಗಳೂರಿನ ಹುಡುಗನನ್ನು ಅಟ್ಟಿಸಿಕೊಂಡು ಹೋದವು. ಬಂಡೆಯಿಂದ ನಡೆದು ಇಳಿದಿದ್ದ ಹುಡುಗ ತನ್ನ ಗುಂಪಿನ ಕಥೆಗೆ ತನ್ನನ್ನೇ ಗೊಂಬೆಯಾಗಿ ಕತ್ತರಿಸಿದ. ಮೇಲೆ ನಿಂತು ನಡುಗುವ ಆ ಗೊಂಬೆಯ ಎರಡು ಕಾಲುಗಳನ್ನು ಇಬ್ಬರು ಅತಿಥಿಗಳು ಆಡಿಸಿದರು, ಮಾತು ಅವನದ್ದೇ. ಹಾಗೆ ಮಾಡೆಂದು ಅವನಿಗೆ ಯಾರೂ ಸೂಚಿಸಿರಲಿಲ್ಲ. ಕಲಾವಿದರು ತಮ್ಮ ತಾಳವನ್ನು ಆ ನಡುಕಕ್ಕೆ ಹೊಂದಿಸಿ ಹಾಕಿದರು.

ಆದದ್ದು, ಆಗದ್ದು

ಹಿಂತಿರುಗುವ ಮೆಟ್ರೊದಲ್ಲಿ ಯಾರು ಯಾರ ಪಕ್ಕ ಕೂತರು ಎಂದು ನಾವು ನೋಡಿದೆವು, ಬೆರೆತಿದ್ದರು. ಒಂದು ದಿನದ ಉತ್ಸಾಹಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಉಳಿದ ವಾರದಲ್ಲಿ ಶಿಕ್ಷಕರು ಕಂಡದ್ದು ಹೆಚ್ಚು ಮುಖ್ಯ. ಬಸ್ಸಿನ ಹಿಂದಿನ ಸೀಟಿನ ಗಡಿ ಮತ್ತೆ ಕಾಣಿಸಲಿಲ್ಲ. ಬ್ಯಾಗನ್ನು ಅವರವರೇ ಹೊತ್ತರು. ಸಣ್ಣ ಜಗಳಗಳು ನಡೆದವು, ಮುಗಿದವು.

ಎಲ್ಲರಿಗೂ ಹೀಗಾಗಲಿಲ್ಲ. ಒಬ್ಬ ಅತಿಥಿ ಹುಡುಗಿಗೆ ಮನೆಯ ನೆನಪು ವಿಪರೀತ ಕಾಡುತ್ತಿತ್ತು. ಅವಳು ಹತ್ತಿದಳು, ಬಡಿಸಿದಳು, ಗೊಂಬೆಯನ್ನೂ ಮಾಡಿದಳು, ಸಂಜೆ ಮತ್ತೆ ಅತ್ತಳು. ಅವಳಿಗೆ ಬೇಕಿದ್ದದ್ದು ಇನ್ನಷ್ಟು ಚಟುವಟಿಕೆಯಲ್ಲ, ಒಂದು ಖಾಲಿ ಮಧ್ಯಾಹ್ನ ಮತ್ತು ತಾಯಿಯ ಜೊತೆ ದೀರ್ಘ ಕರೆ. ಮರುದಿನ ಅದನ್ನು ಕೊಟ್ಟರು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಆ 12 ಮಂದಿ ನಮ್ಮ ಮಕ್ಕಳೆಲ್ಲ ಮೇ ತಿಂಗಳ ವಿಮಾನದ ಖರ್ಚು ಭರಿಸಬಲ್ಲ ಮನೆಗಳವರು, ಅತಿಥಿಗೆ ಬೇರೆ ಕೋಣೆ ಇರುವ ಮನೆಗಳವರು. ಅದೇ ತರಗತಿಯಲ್ಲಿ ಬಂಡೆಯನ್ನೂ ಗೊಂಬೆಯನ್ನೂ ಇವರಿಗಿಂತ ಚೆನ್ನಾಗಿ ಬಲ್ಲ ಮಕ್ಕಳಿದ್ದಿರಬಹುದು. ಶನಿವಾರದ ಒಂದು ದಿನಕ್ಕೆ ಕೋಣೆಯೂ ವಿಮಾನವೂ ಬೇಕಿಲ್ಲ. ಮುಂದಿನ ವರ್ಷದಿಂದ ಆ ದಿನಕ್ಕೆ ತರಗತಿಯ ಇನ್ನೂ ಆರು ಮಂದಿಯನ್ನು ಶುಲ್ಕವಿಲ್ಲದೆ ಸೇರಿಸಬೇಕೆಂದು ಬರೆದುಕೊಟ್ಟಿದ್ದೇವೆ. ಶಾಲೆ ತಾತ್ವಿಕವಾಗಿ ಒಪ್ಪಿದೆ, ಹಣ ಎಲ್ಲಿಂದ ಎಂಬುದು ತೀರ್ಮಾನವಾಗಿಲ್ಲ.

ಏಪ್ರಿಲ್‌ನಲ್ಲಿ ಜರ್ಮನ್ ಶಿಕ್ಷಕಿಯಿಂದ ಪತ್ರ ಬಂತು. ನಮ್ಮ ಮಕ್ಕಳಿಗಾಗಿ ಅವರು ಸಿದ್ಧಪಡಿಸಿದ್ದ ವೇಳಾಪಟ್ಟಿ ಜೊತೆಗಿತ್ತು: ಕೋಟೆ, ವಸ್ತುಸಂಗ್ರಹಾಲಯ, ದೋಣಿವಿಹಾರ, ಮೇಯರ್ ಭೇಟಿ. ಇದರಲ್ಲಿ ನಿಮ್ಮ ಮಕ್ಕಳ ಕೈಗೆ ಕೆಲಸ ಎಲ್ಲಿ ಕೊಡಲಿ ಎಂದು ಕೇಳಿದ್ದರು. ಕೋಟೆಯ ದಿನವನ್ನು ತೆಗೆದು ನಮ್ಮ ಮಕ್ಕಳಿಂದ 24 ಮಂದಿಗೆ ಅಡುಗೆ ಮಾಡಿಸಿ, ಸಾಮಾನು ತರಲು ಅವರನ್ನೇ ಸಂತೆಗೆ ಕಳಿಸಿ ಎಂದು ಉತ್ತರ ಬರೆದೆವು. ಬಿಲೇ ಸಾಧನದ ಅಭ್ಯಾಸಕ್ಕೆಂದು ಅಲ್ಲಿನ ಒಳಾಂಗಣದಲ್ಲಿ ಒಂದು ಸಂಜೆಯನ್ನೂ ಕೇಳಿದೆವು. ಈ ಸಲ ಗಂಟು ಪರೀಕ್ಷಿಸುವವಳು ತಾನು ಎಂದು ಜಯನಗರದ ಹುಡುಗಿ ಈಗಾಗಲೇ ಹೇಳಿಟ್ಟಿದ್ದಾಳೆ.